ಪಾರಿಶ್ವಾಡಕ್ಕೆ ಹೋದ ಕೀಬೋರ್ಡು

ಭರಮವ್ವನಿಗೆ ಅಕ್ಷರದ ಗಂಧವಿರಲಿಲ್ಲ. ಆದರೆ ಇನ್ನೂರು ಕುರಿಗಳ ಹಿಂಡಿನಲ್ಲಿ ಯಾವ ಮರಿ ಯಾವ ತಾಯಿಯದೆಂದು ಕಿವಿ ಸವರಿಯೇ ಹೇಳುವಳು. ಪಾರಿಶ್ವಾಡದ ರಾಯಪ್ಪನನ್ನು ಮದುವೆಯಾದ ಮೇಲೆ ಮೂವತ್ತು ವರ್ಷ ಅವಳ ಸಂಸಾರ ಕಾಲ ಮೇಲೆಯೇ ನಡೆಯಿತು. ಭತ್ತದ ಸುಗ್ಗಿ ಮುಗಿಯುತ್ತಲೇ ಕುದುರೆಯ ಮೇಲೆ ಗಡಿಗೆ, ಕಂಬಳಿ, ಕೋಳಿಬುಟ್ಟಿ ಹೇರಿಕೊಂಡು ಗಂಡ ಹೆಂಡತಿ ಹೊರಡುವರು. ಕಕ್ಕೇರಿ, ನಂದಗಡ, ಹಲಸಿ, ಖಾನಾಪುರ ಎನ್ನುತ್ತ, ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ, ಮಲಪ್ರಭೆ ದಾಟಿ ತಿರುಗಿ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಬಲಿತಿರುತ್ತಿತ್ತು.

ರಾಯಪ್ಪ ತೀರಿಕೊಂಡ. ಹಿಂಡು ಮಾರಿದ್ದಾಯಿತು. ಮಗಳು ಸಂಗವ್ವನನ್ನು ಪಾರಿಶ್ವಾಡದಲ್ಲೇ ಕೊಟ್ಟು, ಭರಮವ್ವ ಬೆಳಗಾವಿಗೆ ಮಗ ಸೋಮಲಿಂಗನ ಮನೆಗೆ ಬಂದಳು. ಅವನದು ಆಟೋ ನಗರದಲ್ಲಿ ಲಾರಿ ರಿಪೇರಿಯ ಗ್ಯಾರೇಜು. ನಿಂತಲ್ಲಿ ನಿಲ್ಲದ ಕಾಲಿಗೆ ಮೂರು ಖೋಲಿಯ ಮನೆ ಸಾಲದೆ, ಹಿತ್ತಿಲಿನಿಂದ ತಲಬಾಗಿಲಿಗೆ ದಿನಕ್ಕೆ ನೂರು ಸಲ ತಿರುಗಾಡುವಳು.

ಆ ಮನೆಗೆ ಎರಡು ಸಾವಿರದ ಎರಡರಲ್ಲಿ ಒಂದು ಕಂಪ್ಯೂಟರು ಬಂತು. ಸೋಮಲಿಂಗನಿಗೆ ಗ್ಯಾರೇಜಿನ ಕಾಗದಪತ್ರ, ಶಾಲೆಯಲ್ಲಿ ಪಾಠ ಹೇಳುವ ಸೊಸೆ ಪ್ರಮಿಳಾಗೆ ಪ್ರಶ್ನೆಪತ್ರಿಕೆ, ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದಲ್ಲಿದ್ದ ಮೊಮ್ಮಗಳು ಶೀತಲಗೆ ಪ್ರಾಜೆಕ್ಟು. ಅವಳ ತಮ್ಮ ಸುಜಯನಿಗೆ ಮಾತ್ರ ಎಲ್ಲರದೂ ಬೇಕು. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡು. ಒಂದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರೆ ಇನ್ನೊಂದು ಅಕ್ಕಿ ಡಬ್ಬಿಯ ಮುಚ್ಚಳದೊಳಗೆ. ಬೆಕ್ಕಿಗೆ ಹಾಲಿನ ಗಡಿಗೆ ಕಂಡಂತೆ ಸುಜಯನಿಗೆ ಎಲ್ಲವೂ ಕಾಣುತ್ತಿತ್ತು. ಶೀತಲ ಎರಡು ತಿಂಗಳು ಕೂತು ಟೈಪು ಮಾಡಿದ ವರದಿಯ ಕೃತಜ್ಞತೆಯ ಪುಟದಲ್ಲಿ, ‘ನನ್ನ ತಮ್ಮನ ಬುದ್ಧಿ ಇರದಿದ್ದರೆ ನಾನು ಪಾಸಾಗುವುದೇ ಕಷ್ಟವಿತ್ತು’ ಎಂದು ಸೇರಿಸಿಬಿಟ್ಟಿದ್ದ. ಅದು ಅವಳ ಕಣ್ಣಿಗೆ ಬಿದ್ದ ದಿನ ಮನೆಯ ಹಂಚು ಹಾರುವುದೊಂದೇ ಬಾಕಿ.

ಮರುದಿನವೇ ಶೀತಲ, ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದಿದ್ದ ಸಿಡಿಯಿಂದ ಒಂದು ಪ್ರೋಗ್ರಾಮು ಹಾಕಿದಳು.

“ಪಾಸ್‌ವರ್ಡ್ ಮ್ಯಾನೇಜರ್ ಅಂತಾರ ಇದಕ್ಕ, ಆಯಿ,” ಎಂದು ಅಜ್ಜಿಗೆ ತಿಳಿಸಿ ಹೇಳಿದಳು. “ಯಾರಿಗೂ ಹೊಳೀಲಾರದಂಥ ಪಾಸ್‌ವರ್ಡ್ ತಾನ ಹುಟ್ಟಸತೈತಿ, ತಾನ ಒಳಗ ಇಟಗೋತೈತಿ. ಅದನ್ನ ತಗ್ಯಾಕ ಒಂದ ಒಂದು ದೊಡ್ಡ ಪಾಸ್‌ವರ್ಡ್ ಗೊತ್ತಿದ್ರ ಸಾಕು.”

“ಕಾಳು ತುಂಬೂ ನೆಲದಾಗಿನ ಹಗೇವು ಇದ್ದಂಗ ಅನ್ನು,” ಎಂದಳು ಭರಮವ್ವ. “ಎಲ್ಲಾರ ಕಾಳೂ ಒಳಗ, ಬಾಯಿ ಒಂದ. ಬಾಯಿ ಮ್ಯಾಲಿನ ಕಲ್ಲು ಯಾರ ಕೈಯಾಗ?”

ತಕರಾರು ಅಲ್ಲಿಯೇ ಇತ್ತು. ಸೋಮಲಿಂಗ ತಾನು ಮನೆಯ ಯಜಮಾನ ಎಂದ.

“ಅಪ್ಪಾ, ನೀವು ಸ್ಕೂಟರ್ ಕೀಲಿ ದಿನಕ್ಕ ಮೂರು ಸಲ ಹುಡುಕತೀರಿ,” ಎಂದಳು ಶೀತಲ.

“ನನ್ನ ಕಡೆ ಇರಲಿ,” ಎಂದ ಸುಜಯ.

“ತ್ವಾಳಕ್ಕ ಕುರಿ ಕಾಯಾಕ ಹಚ್ಚಿದಂಗ,” ಎಂದಳು ಭರಮವ್ವ.

ಕೊನೆಗೆ ಪ್ರಮಿಳಾ, “ಅತ್ತಿಯವರ ಕೈಯಾಗ ಕೊಡ್ರಿ. ಅವರಿಗೆ ಓದಾಕ ಬರಂಗಿಲ್ಲ, ತಗದು ನೋಡೂ ಚಿಂತೀನ ಇಲ್ಲ,” ಎಂದಳು.

ಮಾತು ಸರಿಯೇ ಇತ್ತು. ಆದರೂ ಭರಮವ್ವನಿಗೆ ಸಣ್ಣ ಮುಳ್ಳು ನೆಟ್ಟಂತಾಯಿತು. ಬಾರದ ವಿದ್ಯೆಗೆ ಸಿಕ್ಕ ಪದವಿ ಅವಳಿಗೆ ಬೇಡವಾಗಿತ್ತು. ಬರುವ ವಿದ್ಯೆಯಿಂದಲೇ ಕಾಯುತ್ತೇನೆಂದು ಮನಸ್ಸಿನಲ್ಲಿ ಹಟ ಹಿಡಿದಳು. ಕಂಪ್ಯೂಟರಿನ ಮುಂದೆ ನಿಂತು ಕೀಬೋರ್ಡನ್ನು ಸವರಿ ನೋಡಿದಳು. ಅಷ್ಟೂ ಅಕ್ಷರದ ಗುಂಡಿಗಳಲ್ಲಿ ಎರಡಕ್ಕೆ ಮಾತ್ರ ಸಣ್ಣ ಉಬ್ಬು ಗೆರೆ, ಹೊಲದ ಗಡಿಗಲ್ಲಿನಂತೆ. ಎಡಗಡೆಯದರ ಮೇಲೆ ಬೆರಳಿಟ್ಟಳು.

“ಎಲ್ಲಾರೂ ಗ್ವಾಡಿ ಕಡೆ ಮಾರಿ ಮಾಡ್ರಿ.”

ನಾಲ್ವರೂ ಗೋಡೆ ನೋಡುತ್ತ ನಿಂತರು. ಒಂದೊಂದು ಗುಂಡಿ ಒತ್ತಿದಾಗಲೂ ತೆರೆಯ ಮೇಲೆ ಒಂದೊಂದು ಚುಕ್ಕಿ ಮೂಡಿ, ಕುರಿಗಳಂತೆ ಸಾಲಾಗಿ ನಿಂತಿತು. ಎಂಟು ಚುಕ್ಕಿ.

“ಇನ್ನೊಮ್ಮಿ ಹಂಗ ಒತ್ತಬೇಕು, ಆಯಿ.”

“ಒಮ್ಮಿ ಹೇಳಿದ್ದು ತಿಳಿಯಂಗಿಲ್ಲೇನು ಇದಕ್ಕ?” ಎನ್ನುತ್ತಲೇ ಮತ್ತೆ ಒತ್ತಿದಳು.

ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಭರಮವ್ವ ಹಗೇವು ತೆಗೆಯುವಳು, ಉಳಿದವರು ಗೋಡೆಗೆ ಮುಖ ಮಾಡುವರು. ಬಂದ ಬೀಗರು ಇದೇನು ಹೊಸ ಪೂಜೆಯೆಂದು ಕೇಳಿದ್ದೂ ಉಂಟು.

ಹೀಗೆ ನಡೆದಿರಲು, ಪಾರಿಶ್ವಾಡದಲ್ಲಿ ಸಂಗವ್ವನಿಗೆ ದಿನ ತುಂಬುವ ಮೊದಲೇ ಮೂರನೆಯ ಹೆರಿಗೆಯಾಯಿತು. ಎರಡು ದಿನಕ್ಕೆಂದು ಹೋದ ಭರಮವ್ವ, ಅಂಗೈಯಷ್ಟಿದ್ದ ಕೂಸನ್ನು ನೋಡಿ ಅಲ್ಲೇ ಉಳಿದಳು. ಹನ್ನೆರಡನೆಯ ದಿನ ಪಕ್ಕದ ಮನೆಗೆ ಫೋನು ಬಂತು. ಶೀತಲಳ ದನಿ ಒಡೆದಿತ್ತು. ಮುಂದಿನ ವಾರ ಬರಬೇಕಿದ್ದ ಪರೀಕ್ಷಕರು ನಾಳಿದ್ದೇ ಬರುತ್ತಾರಂತೆ. ತಮ್ಮನ ಕಾಟಕ್ಕೆ ಹೆದರಿ ಅವಳು ವರದಿಗೆ ಪ್ರೋಗ್ರಾಮು ಹುಟ್ಟಿಸಿದ ಪಾಸ್‌ವರ್ಡನ್ನೇ ಹಾಕಿದ್ದಳು, ಅದು ಹಗೇವಿನೊಳಗಿತ್ತು. ವರದಿ ಕೊಡದಿದ್ದರೆ ವರ್ಷವೇ ಹೋದಂತೆ.

“ಯಾವ್ಯಾವ ಅಕ್ಷರ ಒತ್ತತೀ, ಹೇಳು ಆಯಿ.”

“ಅಕ್ಷರ ಬರತಿದ್ರ ಕೀಲಿ ನನ್ನ ಕೈಯಾಗ ಯಾಕ ಕೊಡತಿದ್ರಿ? ಅದು ನನ್ನ ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ.”

ಹಸಿ ಬಾಣಂತಿಯನ್ನು ಬಿಟ್ಟು ಬರುವಂತಿರಲಿಲ್ಲ. ಅದನ್ನು ಹೇಳಿದಾಗ ಶೀತಲ, “ಹಂಗಾದ್ರ ನಾ ಅದನ್ನ ತರತೀನಿ,” ಎಂದು ಫೋನು ಇಟ್ಟಳು.

ಮರುದಿನ ಮುಂಜಾನೆಯ ಬಸ್ಸಿಗೆ ಶೀತಲ ಬಂದಿಳಿದಳು. ಟವೆಲ್ಲಿನಲ್ಲಿ ಸುತ್ತಿದ ಕೀಬೋರ್ಡು ಕಂಕುಳಲ್ಲಿತ್ತು, ಅದರ ಬಾಲದಂಥ ವೈರು ಹೊರಗೆ ಜೋತಿತ್ತು.

“ಅದೇನ ಶೀತಲಾ, ಬಾರ್ಸೂ ಪೇಟಿ ತಂದಿಯೇನು? ನಮ್ಮ ಕೂಸಿಗೆ ಭಜನೀನ?” ಎಂದಳು ಸಂಗವ್ವ ಹೊರಸಿನ ಮೇಲಿಂದ.

“ಕಂಡಕ್ಟರನೂ ಅದನ್ನ ಕೇಳಿದಾ, ಅತ್ತಿ.”

ಭರಮವ್ವ ಕೈ ತೊಳೆದು, ಪಡಸಾಲೆಯಲ್ಲಿ ಕೂತು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡಳು. ಉಬ್ಬು ಸಿಕ್ಕಿತು. ಬೆರಳು ನಡೆಯಿತು. ಪಕ್ಕದಲ್ಲಿ ಶೀತಲ ಹಾಳೆಯಲ್ಲಿ ಬರೆದುಕೊಂಡಳು. ಇನ್ನೊಮ್ಮೆ ಒತ್ತಿಸಿದಳು.

“ಎರಡೂ ಬ್ಯಾರೆ ಆದುವಲ್ಲ, ಆಯಿ.”

ಮೂರನೆಯದು ಅವೆರಡಕ್ಕೂ ಬೇರೆ. ಮೂವತ್ತು ವರ್ಷದಲ್ಲಿ ಭರಮವ್ವ ಒಂದು ಮರಿಯನ್ನೂ ದಾರಿಯಲ್ಲಿ ಬಿಟ್ಟು ಬಂದವಳಲ್ಲ. ಈಗ ಮೊಮ್ಮಗಳ ಒಂದು ವರ್ಷವನ್ನು ಕಳೆದಳೆ? ಶೀತಲ ಬೈಯಲಿಲ್ಲ, ಅಳಲಿಲ್ಲ, ಹಾಳೆಯನ್ನೇ ನೋಡುತ್ತ ಕೂತಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಮುದುಕಿಗೆ.

ಒಮ್ಮೆಲೆ ಭರಮವ್ವ ಎದ್ದು ಸೀರೆಯ ನಿರಿಗೆ ಕೊಡವಿದಳು.

“ನಾ ಯಾವತ್ತ ಕುಂತು ಕುರಿ ಕಾದೀನಿ? ತಾ ಇಲ್ಲೆ.”

ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ಜೋಳದ ಚೀಲಗಳು ಬೆಳಗಾವಿಯ ಮೇಜಿನಷ್ಟೇ ಎತ್ತರಕ್ಕಿದ್ದವು. ಅದರ ಮೇಲೆ ಕೀಬೋರ್ಡು ಇಟ್ಟು, ಸೊಂಟ ಬಗ್ಗಿಸಿ ನಿಂತು, ಕಣ್ಣು ಮುಚ್ಚಿದಳು. ಇಷ್ಟು ದಿನ ಯಾರಿಗೂ ಹೇಳದ ದಾರಿಯನ್ನು ಬಾಯಿ ಬಿಟ್ಟು ಹೇಳತೊಡಗಿದಳು.

“ಉಬ್ಬಿನದು ನಮ್ಮನಿ, ಪಾರಿಶ್ವಾಡ. ಇದು ಕಕ್ಕೇರಿ. ಇಲ್ಲೆ ಒಮ್ಮಿ ಆನಿಕಲ್ಲ ಬಿದ್ದಾಗ ನಿಮ್ಮಜ್ಜ ತನ್ನ ಕಂಬಳಿ ನನಗ ಹೊದಿಸಿ, ತಾ ತಲಿ ಮ್ಯಾಲ ಬುಟ್ಟಿ ಡಬ್ಬ ಹಾಕ್ಕೊಂಡು ನಿಂತಿದ್ದ. ಕೋಳಿ ಎಲ್ಲಾ ಓಡಿ ಹ್ವಾದುವು. ಇದು ನಂದಗಡ. ಗದ್ದಿ ಬದುವಿನ ಮ್ಯಾಲ ನಿಮ್ಮಪ್ಪನ್ನ ಹಡದದ್ದು ಇಲ್ಲೆ. ಮರುದಿನ ಹಿಂಡಿನ ಸಂಗಾಟ ನಡದೀನಿ. ಇದು ಹಲಸಿ…”

ಬೆರಳು ಅಲ್ಲಿ ನಿಂತು ಮತ್ತೊಮ್ಮೆ ಅದೇ ಗುಂಡಿಯನ್ನು ಒತ್ತಿತು.

“ಹಲಸಿಯಾಗ ಯಾವಾಗ್ಲೂ ಎರಡ ರಾತ್ರಿ. ಹಳೀ ಗುಡಿ ಕಟ್ಟಿ ಮ್ಯಾಲ ಮಲಗೂದಂದ್ರ ನಿಮ್ಮಜ್ಜಗ ಭಾಳ ಸೇರತಿತ್ತು. ಕುಂತಾಗ ಇದನ್ನ ಬಿಟ್ಟಿದ್ದೆ ನೋಡು. ಇದು ಖಾನಾಪುರ, ನಿಮ್ಮಜ್ಜ ನನ್ನ ಕೈಗೆ ಬಳಿ ಇಡಸಿದ್ದು ಇಲ್ಲೆ. ಈ ಉದ್ದಂದು ಮಲಪ್ರಭಾ. ದಾಟಿದ್ರ ಮತ್ತ ಉಬ್ಬು. ಮನಿ.”

ಎರಡನೆಯ ಸಲವೂ ಅದೇ ಬಂತು. ಮೂರನೆಯ ಸಲವೂ ಅದೇ. ಶೀತಲ ಹಾಳೆ ಮಡಚಿ ಅಜ್ಜಿಯ ಹೆಗಲಿಗೆ ಹಣೆ ಆನಿಸಿದಳು.

“ನಮ್ಮವ್ವ ಎಲಿಅಡಿಕಿ ಚೀಲದಾಗಿನ ಅಡಿಕಿ ಸುದ್ದಾ ನನಗ ತೋರಸಂಗಿಲ್ಲ,” ಎಂದಳು ಸಂಗವ್ವ. “ಮೊಮ್ಮಗಳಿಗೆ ಹಗೇವನ್ನ ತಗದು ತೋರಿಸಿದ್ಲು.”

ಭರಮವ್ವ ಶೀತಲಳ ಕೈಯಿಂದ ಹಾಳೆ ತೆಗೆದುಕೊಂಡಳು. “ಓದು ಬರದಾಕಿ ನಾ ಇಷ್ಟು ದಿನ ನೆನಪಿಟ್ಟೀನಿ. ಓದಿದಾಕಿ ನೀ ಒಂದು ದಿನ ಇಡಲಾರಿ?”

ಶೀತಲ ಆ ದಾರಿಯನ್ನು ಎರಡು ಸಲ ತಾನೇ ಹೇಳಿ ಒತ್ತಿ ತೋರಿಸಿದಳು. ಹಾಳೆ ಬಾಣಂತಿಯ ನೀರೊಲೆಗೆ ಹೋಯಿತು. ರೊಟ್ಟಿ ತಿಂದವಳೇ ಅವಳು ಮಧ್ಯಾಹ್ನದ ಬಸ್ಸು ಹಿಡಿದಳು.

ಆ ಸಂಜೆ ಭರಮವ್ವ ಪಕ್ಕದ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಫೋನು ಬಂತು.

“ತಗೀತು, ಆಯಿ.”

“ಹಲಸಿಯಾಗ ಎರಡ ರಾತ್ರಿ ಇದ್ದಿ?”

“ಎರಡ ಇದ್ದೆ.”

ಶೀತಲ ಪಾಸಾದಳು. ವರದಿಯ ಕೃತಜ್ಞತೆಯ ಪುಟದಲ್ಲಿ ತಮ್ಮ ಸೇರಿಸಿದ್ದ ಸಾಲಿನ ಜಾಗದಲ್ಲಿ, ಕೀಲಿ ಕಾದ ಭರಮವ್ವ ಎಂದು ಬರೆದಿದ್ದಳಂತೆ. ಇವರು ಯಾವ ಕಾಲೇಜಿನವರು ಎಂದು ಪರೀಕ್ಷಕರು ಕೇಳಿದ ಸುದ್ದಿಯನ್ನು ಭರಮವ್ವ ಪಾರಿಶ್ವಾಡದ ಓಣಿಗೆಲ್ಲ ಹೇಳಿ ಬಂದಳು.

ಕೂಸು ಮೈತುಂಬಿಕೊಂಡ ಮೇಲೆ ಬೆಳಗಾವಿಗೆ ಮರಳಿದವಳು, ಕಾಲು ತೊಳೆದೊಡನೆ ಕೀಲಿ ಬದಲಿಸಬೇಕೆಂದಳು.

“ಯಾಕ ಆಯಿ, ನನ್ನ ಮ್ಯಾಲ ನಂಬಿಕಿ ಇಲ್ಲೇನು?” ಎಂದಳು ಶೀತಲ.

“ನಂಬಿಕಿ ಐತಿ. ಆದ್ರ ಇಬ್ಬರಿಗೆ ಗೊತ್ತಾದದ್ದು ದಾರಿ ಆಕ್ಕೈತಿ, ಕೀಲಿ ಆಗಂಗಿಲ್ಲ. ನಡೀರಿ, ಗ್ವಾಡಿ ಕಡೆ.”

ನಾಲ್ವರೂ ತಿರುಗಿ ನಿಂತರು. ಶೀತಲ ಸದ್ದು ಎಣಿಸಿದಳು. ಉದ್ದ ಗುಂಡಿ ದಬ್ಬೆಂದಿತು, ಹೊಳೆ ದಾಟಿದ್ದಾಯಿತು. ಆಮೇಲೆ ಮನೆಯ ಒಂದೇ ಸದ್ದು ಬರಬೇಕಿತ್ತು, ಬಂದದ್ದು ಎರಡು. ಜೋಳದ ಚೀಲಗಳಿದ್ದ ಆ ಪಡಸಾಲೆ ಅವಳ ಕಣ್ಣ ಮುಂದೆ ಬಂತು. ದಾರಿಗೆ ಹೊಸದಾಗಿ ಸೇರಿದ ತಂಗುದಾಣ ಅದೇ ಎಂದುಕೊಂಡು, ಅವಳು ಗೋಡೆಯ ಕಡೆಗೇ ನಕ್ಕಳು.

“ಆಯಿ, ಇವತ್ತ ಒಂದು ಜಾಸ್ತಿ ಒತ್ತಿದೆಲ್ಲ?” ಎಂದ ಸುಜಯ.

“ಹಿಂಡು ಬೆಳದೈತಿ,” ಎಂದಳು ಭರಮವ್ವ. “ನೀ ಗ್ವಾಡಿ ನೋಡು.”