ಎಡ ಭುಜದ ದಿಂಬು

ನನ್ನ ಅಣ್ಣ ಎಡಚ. ಊಟ ಒಂದು ಬಿಟ್ಟರೆ ಎಲ್ಲದಕ್ಕೂ ಎಡಗೈಯೇ. ಭದ್ರಾವತಿಯ ಹೊರಗೆ ಅವನ ಕಬ್ಬಿನ ಗದ್ದೆಯಿದೆ. ಹಂದಿ ಬೆದರಿಸಲು ಲೈಸೆನ್ಸಿನ ಕೋವಿಯಿದೆ. ಹೋದ ವರ್ಷ ಅವನಿಗೆ ಪೇಸ್‌ಮೇಕರ್ ಹಾಕಿದರು, ಎಡ ಭುಜದ ಹತ್ತಿರ, ಚರ್ಮದಡಿಯಲ್ಲಿ. ಆಮೇಲೆ ಹಳೆಯ ಭಾರದ ಕೋವಿ ಎತ್ತಲಾಗದೆ ಅದನ್ನು ಕೊಟ್ಟು ಹಗುರದ್ದೊಂದು ತಂದ. ಬುದ್ಧಿವಂತಿಕೆ ಅಂದರೆ ಇದು!

ಒಂದು ಮಧ್ಯಾಹ್ನ ಸವಳಂಗ ರಸ್ತೆಯ ನನ್ನ ಟೈಲರಿಂಗ್ ಅಂಗಡಿಗೆ ಬಂದು ಒಂದು ದಪ್ಪ ಅಂಗಿಯನ್ನು ಮುಂದಿಟ್ಟ.

"ಇದರ ಎಡ ಭುಜಕ್ಕೆ ಒಳಗಿಂದ ಒಂದು ದಿಂಬು ಹೊಲಿದುಕೊಡೆ."

"ಯಾಕೆ?"

"ಗುಂಡು ಹಾರಿದಾಗ ಹಿಂದಕ್ಕೆ ಒದೆಯೋದನ್ನೆಲ್ಲ ಹಳೇ ಕೋವಿ ತನ್ನ ಭಾರದಲ್ಲೇ ನುಂಗ್ಕೊಳ್ತಿತ್ತು. ಇದು ಹಗುರ ನೋಡು, ಪೂರ್ತಿ ನನ್ನ ಭುಜಕ್ಕೇ ಕೊಡುತ್ತೆ."

ಅಳತೆಗೆಂದು ಗುಂಡಿ ಬಿಚ್ಚಿಸಿದೆ. ಚರ್ಮದಡಿಯ ಗಟ್ಟಿ ಬಿಲ್ಲೆ ಬೆರಳಿಗೆ ತಾಗಿತು. ಅದರ ಸುತ್ತ ಅಂಗೈಯಗಲ ನೀಲಿಗಟ್ಟಿತ್ತು.

"ಅಯ್ಯೋ ಪಾಪಿ! ಬ್ಯಾಟರಿ ಮೇಲೇ ಕೋವಿ ಒತ್ಕೊಂಡು ಹೊಡೀತಿದ್ದೀಯಾ? ಡಾಕ್ಟ್ರನ್ನ ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಿಲ್ಲ."

"ಬಲಗಡೆ ಇಟ್ಕೊಂಡು ಹೊಡಿ."

"ಬಲಗೈಲಿ ನಂಗೆ ಸೊಳ್ಳೆ ಹೊಡೆಯೋಕೂ ಬರಲ್ಲ ಮಾರಾಯ್ತಿ. ಹೊಲಿಯಲ್ಲ ಅಂದ್ರೆ ಬಿಡು, ಹಾಗೇ ಹೊಡೀತೀನಿ."

ಬಾಯಿಗೆ ಬಂದಂತೆ ಬೈದೆ. ಅವನು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಿರಾಕಿ. ಟೀ ತರಿಸಿಕೊಂಡು ಕುಡಿದ. ಕೊನೆಗೆ ನಾನೇ ಸೋತೆ. ಏನೂ ಇಲ್ಲದಿರುವುದಕ್ಕಿಂತ ಇದಾದರೂ ಇರಲಿ ಎಂದು ಸ್ಪಂಜಿನ ಮೇಲೆ ಸ್ಪಂಜು, ಅದರ ಮೇಲೆ ಹಳೆ ಜೀನ್ಸ್ ಬಟ್ಟೆ ಇಟ್ಟು ಒತ್ತೊತ್ತಾಗಿ ಹೊಲಿದೆ. ಮುಷ್ಟಿ ಕಟ್ಟಿ ಗುದ್ದಿ ನೋಡಿದೆ. ಭಯ ಮಾತ್ರ ಹೋಗಲಿಲ್ಲ. ಅಂದಿನಿಂದ ಭದ್ರಾವತಿಯ ಫೋನ್ ಬಂದಾಗಲೆಲ್ಲ ಹೊಲಿಗೆ ಅರ್ಧಕ್ಕೇ ಬಿಟ್ಟು ಎತ್ತುತ್ತಿದ್ದೆ.

ಹತ್ತನೆಯ ದಿನ ಆ ಫೋನೇ ಬಂತು. ಕೋವಿ ಹಾರಿಸಿದವನು ಬದುವಿನ ಮೇಲೇ ತಲೆ ತಿರುಗಿ ಬಿದ್ದಿದ್ದ. ಆಸ್ಪತ್ರೆಗೆ ಓಡಿದೆ. ಪೇಸ್‌ಮೇಕರ್‌ನಿಂದ ಹೃದಯಕ್ಕೆ ಹೋಗುವ ತಂತಿ ಜಾಗ ಬಿಟ್ಟಿದೆ, ಮತ್ತೆ ಆಪರೇಷನ್ ಆಗಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು.

ಅತ್ತಿಗೆ ಬೆಂಚಿನ ಮೇಲೆ ಆ ಅಂಗಿ ಹಿಡಿದುಕೊಂಡು ಕೂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಆ ನೀಲಿ ನೋಡಿದ ದಿನವೇ ಕೋವಿ ಬಚ್ಚಿಟ್ಟಿದ್ದೆ ಕಣೇ. ಆಮೇಲೆ ಈ ಅಂಗಿ ತಂದು ತೋರಿಸಿದ್ರು. ನೀನು ಹೊಲಿದುಕೊಟ್ಟಿದ್ದೀಯ ಅಂದ್ರೆ ಡಾಕ್ಟ್ರನ್ನ ಕೇಳೇ ಕೊಟ್ಟಿರ್ತೀಯ ಅಂತ, ಕೋವೀನ ನಾನೇ ತೆಗೆದು ಕೊಟ್ಟೆ."