ಬೆಂದೂರದ ಬಣ್ಣ

ಇಚಲಕರಂಜಿಯ ಹೊಳೆದಂಡೆಯ ನಮ್ಮ ಓಣಿಯಲ್ಲಿ ತಾತೋಬಾನಷ್ಟು ಹಟಮಾರಿ ಇನ್ನೊಬ್ಬನಿಲ್ಲ. ಒಂಟೆತ್ತಿನ ಗಾಡಿಯಲ್ಲಿ ಮಗ್ಗದ ಬಟ್ಟೆ ಸಾಗಿಸುತ್ತಿದ್ದವನು. ಎತ್ತು ಸತ್ತ ಮೇಲೆ ಗಾಡಿಯನ್ನು ಹಿತ್ತಲಿಗೆ ತಳ್ಳಿ ಸಣ್ಣದೊಂದು ಟೆಂಪೋ ಕೊಂಡ. ಸತ್ತ ಎತ್ತಿನ ಹೆಸರನ್ನೇ ಅದಕ್ಕೂ ಇಟ್ಟ, ಸರ್ಜಾ. ಎತ್ತುಗಳ ಹಬ್ಬವಾದ ಕರ್ನಾಟಕಿ ಬೆಂದೂರ ಬಂತೆಂದರೆ ಎತ್ತಿದ್ದವರು ನೊಗ ಹೊತ್ತ ಹೆಗಲಿಗೆ ಅರಿಶಿಣ-ಎಣ್ಣೆ ತಿಕ್ಕಿ, ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚುತ್ತಾರೆ. ತಾತೋಬಾ ಟೆಂಪೋದ ಕನ್ನಡಿಗಳನ್ನೇ ಕೊಂಬೆಂದು ತಿಳಿದು ಬಣ್ಣ ಹಚ್ಚಿ, ಅದರ ಮೂತಿಗೆ ಹೋಳಿಗೆ ಹಿಡಿಯುತ್ತಿದ್ದ. ನಾವು ನಗುತ್ತಿದ್ದೆವು.

ಈ ವರ್ಷ ಎಂಜಿನ್ನಿಗೂ ಕೆಂಪು ಎಣ್ಣೆಬಣ್ಣ ಬಳಿದ. ಹೊರಗಿನ ಮೈಗಷ್ಟೇ ಹಬ್ಬವೇ, ಒಳಗಿನದಕ್ಕೆ ಬೇಡವೇ ಎಂದು ಅವನ ವಾದ.

ಮಳೆ ಹಿಡಿದಾಗ ಸರ್ಜಾ ನಡುದಾರಿಯಲ್ಲಿ ನಿಲ್ಲತೊಡಗಿತು. ಗ್ಯಾರೇಜಿನವನು ನೋಡಿ ಸೆನ್ಸರ್ ಹೋಗಿದೆ ಎಂದ. ಹೆಬ್ಬೆರಳಷ್ಟು ಸಾಮಾನು; ಎಂಜಿನ್ನಿನ ಚಕ್ರ ತಿರುಗುವ ಸುದ್ದಿಯನ್ನು ಅದು ಕೊಡದಿದ್ದರೆ ಗಾಡಿ ಚಾಲೂ ಆಗುವುದಿಲ್ಲ. ತಾತೋಬಾ ಹೊಸದನ್ನು ಕೊಂಡ, ಅದನ್ನು ಕೂಡಿಸಲು ಮಾತ್ರ ಗ್ಯಾರೇಜಿನವನಿಗೆ ಬಿಡಲಿಲ್ಲ. ಎತ್ತಿಗೆ ಲಾಳ ಹೊಡೆದ ಕೈಗೆ ಒಂದು ಬೋಲ್ಟ್ ಯಾವ ಲೆಕ್ಕ ಎಂದು ಮನೆಗೆ ತಂದು ದೇವರ ಮಾಡದಲ್ಲಿ ಇಟ್ಟ. ಅದು ಅಲ್ಲೇ ಉಳಿಯಿತು.

ಅಷ್ಟರಲ್ಲಿ ಪಂಚಗಂಗೆ ಏರಿತು. ಓಣಿಯವರೆಲ್ಲ ಮೇಲಿನ ಶಾಲೆಗೆ ಹೊರಟೆವು. ತಾತೋಬಾನ ಹೆಂಡತಿ ಧೊಂಡುಬಾಯಿ ತೊಡೆಯೆಲುಬು ಮುರಿದು, ರಾಡ್ ಹಾಕಿಸಿಕೊಂಡು ಮಂಚ ಹಿಡಿದಿದ್ದಳು. ಪಕ್ಕದ ಮನೆಯ ಅವಿನಾಶ ತನ್ನ ಕಾರು ತಂದು ಅವರ ಬಾಗಿಲಿಗೇ ನಿಲ್ಲಿಸಿದ.

"ನನ್ನ ಸರ್ಜಾ ಐತಿ. ನೀ ನಿಮ್ಮವ್ವನ್ನ ಕರಕೊಂಡ ಹೋಗು," ಅಂದ ತಾತೋಬಾ.

ಮುಂದಿನದನ್ನು ಧೊಂಡುಬಾಯಿಯೇ ನಮಗೆ ಹೇಳಿದಳು. ಬೆಳಗಾಗುವಷ್ಟರಲ್ಲಿ ನೀರು ಹೊಸ್ತಿಲಿಗೆ ಬಂದಿತ್ತು. ಕರೆಂಟಿಲ್ಲದೆ ಮೊಬೈಲ್ ಸತ್ತಿತ್ತು, ಓಣಿಯಲ್ಲಿ ನರಪಿಳ್ಳೆಯಿರಲಿಲ್ಲ. ಚಾವಿ ತಿರುವಿದರೆ ಸರ್ಜಾ ಗುರುಗುಟ್ಟಿ ಸುಮ್ಮನಾಯಿತು. ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನೋಡಿದ್ದೇವೆ. ಈ ಪುಣ್ಯಾತ್ಮ ಹೊಳೆ ಬಂದಾಗ ಬೋಲ್ಟ್ ಬಿಚ್ಚಲು ಕುಳಿತ.

ಬೋಲ್ಟೇನೋ ಬಂತು, ಸೆನ್ಸರ್ ಬರಲಿಲ್ಲ. ಬೆಂದೂರದ ಬಣ್ಣ ಸಂದಿಗಿಳಿದು, ಎಂಜಿನ್ನಿನ ಕಾವಿಗೆ ಗಟ್ಟಿಯಾಗಿ, ಅದನ್ನು ಕಚ್ಚಿ ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟ. ದೇವರ ದೀಪದ ಎಣ್ಣೆಯನ್ನೂ ಬಿಟ್ಟ. ಇಕ್ಕಳದಿಂದ ತಿರುವಿದರೆ ಕೈ ಜಾರಿ ಬೆರಳ ತೊಗಲು ಕಿತ್ತಿತು. ಬೈದ, ಆಮೇಲೆ ಎತ್ತಿಗೆ ಅನ್ನುವಂತೆ ಬಾ ನನ್ನಪ್ಪ ಎಂದು ಬೇಡಿಕೊಂಡ. ನೀರು ಮಂಚದ ಕಾಲಿಗೆ ಎಷ್ಟು ಏರಿತೆಂದು ಧೊಂಡುಬಾಯಿ ಒಳಗಿನಿಂದ ಕೂಗಿ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹೇಳುವುದನ್ನೇ ಬಿಟ್ಟಳು.

ತಾತೋಬಾ ಸ್ಕ್ರೂಡ್ರೈವರ್ ಸಂದಿಗೆ ಕೊಟ್ಟು ಸುತ್ತಿಗೆಯಿಂದ ಹೊಡೆದ. ಸೆನ್ಸರಿನ ತಲೆ ಮುರಿದು ಕೈಗೆ ಬಂತು, ಉಳಿದರ್ಧ ಎಂಜಿನ್ನಿನಲ್ಲೇ ಕೂತಿತು. ಹೊಸದು ಕಿಸೆಯಲ್ಲಿತ್ತು, ಕೂಡಿಸಲು ತೂತೇ ಉಳಿದಿರಲಿಲ್ಲ. ತಾತೋಬಾ ಮೊಣಕಾಲುದ್ದದ ನೀರಿನಲ್ಲಿ ಒಳಗೆ ಬಂದು, ಮಂಚ ಹಿಡಿದು ಗೊಳೋ ಎಂದು ಅತ್ತ.

"ಅಳೂದು ಆಮ್ಯಾಲ ಇರ್ಲಿ. ಹಿತ್ತಲದಾಗ ಗಾಡಿ ಐತೆಲ್ಲಾ, ಅದನ್ನ ತರ್ರಿ."

"ಗಾಡಿ ಐತಿ, ಎತ್ತೆಲ್ಲಿ ಐತಿ?"

ಧೊಂಡುಬಾಯಿ ಗಂಡನ ಮುಖವನ್ನೇ ನೋಡಿದಳು.

ನಾವು ಶಾಲೆಯ ಮುಂದೆ ನಿಂತಿದ್ದೆವು. ನೀರಿನಲ್ಲಿ ಒಂದು ಗಾಡಿ ಬರುತ್ತಿತ್ತು, ಎಳೆಯುವ ಎತ್ತು ಕಾಣುತ್ತಿರಲಿಲ್ಲ. ಹತ್ತಿರವಾದಾಗ ನೊಗದ ಕೆಳಗೆ ತಾತೋಬಾನ ತಲೆ ಕಂಡಿತು. ಎದೆಮಟ್ಟದ ನೀರು, ಮೇಲೆ ಹಾಸಿಗೆ ಸಮೇತ ಧೊಂಡುಬಾಯಿ. ಅವಿನಾಶ ಓಡಿಹೋಗಿ ನೊಗಕ್ಕೆ ಕೈ ಹಾಕಿದರೂ ಮುದುಕನ ಬೆರಳು ಬಿಡಿಸಲಾಗಲಿಲ್ಲ. ಉಗುರುಗಳ ಸಂದಿಯಲ್ಲಿ ಕೆಂಪು ಬಣ್ಣ, ಬಣ್ಣದ ಮೇಲೆ ರಕ್ತ. ಬೆಂದೂರ ಬಂದಾಗಲೆಲ್ಲ ನಕ್ಕವರು ನಾವು. ಆ ದಿನ ನೀರಿಗಿಳಿದು ಗಾಡಿಗೆ ಕೈ ಕೊಟ್ಟೆವು.

ಯಾರೋ ಧೊಂಡುಬಾಯಿಗೆ ಚಹಾ ತಂದರು. ಅವಳು ಅದನ್ನು ಬದಿಗಿಟ್ಟು ಅರಿಶಿಣ-ಎಣ್ಣೆ ಕೇಳಿದಳು. ಮುರಿದ ಕಾಲಿಗೆಂದು ತಿಳಿದು ನಮ್ಮ ಹೆಂಗಸರು ಅವಳ ಸೀರೆ ಸರಿಸಹೋದರು.

"ನನಗಲ್ರಿ," ಅಂದಳು. "ಇವರ ಹೆಗಲಿಗೆ. ನೊಗಾ ಹೊತ್ತಾರ."

ತಾತೋಬಾ ಹಟ ಮಾಡಲಿಲ್ಲ. ಅಂಗಿ ತೆಗೆದು, ಅವಳಿಗೆ ಬೆನ್ನು ಕೊಟ್ಟು ಕುಳಿತ.