ಬೆಳಗಿನ ಐದು ಗಂಟೆಯ ಅಂಕಿ

ಐದು ಗಂಟೆಗೆ ಇನ್ನೂ ಐದು ನಿಮಿಷವಿದೆ. ತಂತ್ರಾಂಶ ಕಂಪನಿಯ ನೆಲಮಾಳಿಗೆಯಲ್ಲಿ, ಯಂತ್ರಗಳು ಕಾಯದಂತೆ ಸದಾ ಕೊರೆಯುವಷ್ಟು ತಣ್ಣಗಿಡುವ ಸರ್ವರ್ ಕೋಣೆಯ ಬಾಗಿಲ ಮುಂದೆ ಹೆಂಗಸೊಬ್ಬರು ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಳ್ಳುತ್ತಿದ್ದಾರೆ. ಕಿವಿಯಲ್ಲಿ ಹತ್ತಿ, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್.

"ಏನಕ್ಕ, ಹಿಮದ ಬೆಟ್ಟ ಹತ್ತೋಕೆ ಹೊರಟ್ರಾ?" ಎನ್ನುತ್ತಾನೆ ಕಾವಲುಗಾರ.

"ನೀನೂ ಬಾ. ಮೂಗು ಉದುರಿದ ಮೇಲೆ ಮಾತಾಡು."

ನಗುತ್ತಲೇ ಅವನು ತನ್ನ ಸ್ಟೂಲನ್ನು ಬಾಗಿಲ ಬಳಿ ಇಡುತ್ತಾನೆ. ಕೆಳಸಾಲಿನ ಮೀಟರು ನೋಡಲು ಇವರ ಮಂಡಿ ಬಗ್ಗುವುದಿಲ್ಲ. ಸ್ಟೂಲ್ ಕೊಡು ಎಂದು ಅವನಿಗೆ ಯಾರೂ ಹೇಳಿಲ್ಲ.

ಎಲ್ಲರಿಗೂ ಇವರು ಮೀಟರಕ್ಕ. ವಯಸ್ಸು ಐವತ್ತಾರು. ಹದಿನೆಂಟು ವರ್ಷ ಮೋಟಾರುಗಳಿಗೆ ತಂತಿ ಸುತ್ತಿದವರು. ಆ ವರ್ಕ್‌ಶಾಪ್ ಮುಚ್ಚಿದ ಮೇಲೆ ಇಲ್ಲಿಗೆ ಬಂದು ಹನ್ನೊಂದು ವರ್ಷ. ಕೋಣೆಯಲ್ಲಿ ನಲವತ್ತೆರಡು ಮೀಟರು. ಐದಕ್ಕೊಂದು ಸುತ್ತು, ಒಂಬತ್ತಕ್ಕೊಂದು, ಸಂಜೆ ಆರಕ್ಕೊಂದು. ಕಂಪನಿಯ ತಂತ್ರಾಂಶ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬ ಲೆಕ್ಕಕ್ಕೆ ಮೂಲ ಇವರ ನೋಟ್‌ಬುಕ್. ಫ್ಯಾನುಗಳ ಮೊರೆತಕ್ಕೆ ಬಲಗಿವಿ ಮಂದವಾಗಿದೆ. ಮನೆಯಲ್ಲಿ ಮಗಳು ಎಡಗಡೆ ಬಂದು ಕೂತೇ ಮಾತಾಡುತ್ತಾಳೆ.

ಮೂರು ತಿಂಗಳ ಹಿಂದೆ ಮೇಲಿನ ಮಹಡಿಯಲ್ಲಿ ಕೇಕ್ ಕತ್ತರಿಸಿದರು. ಕಂಪನಿಯ ವಿದ್ಯುತ್ ಬಳಕೆ ದಿನಕ್ಕೆ ಒಂಬೈನೂರು ಯೂನಿಟ್‌ನಿಂದ ಏಳುನೂರಕ್ಕೆ ಇಳಿದಿತ್ತು. ಪರಿಸರ ವರದಿಯ ಮುಖಪುಟದಲ್ಲಿ ಹಸಿರು ಎಲೆಯ ಚಿತ್ರ. ಮೀಟರಕ್ಕನಿಗೂ ಒಂದು ತುಂಡು ಕೇಕ್ ಬಂತು. ಅವರು ತಿನ್ನಲಿಲ್ಲ. ನೋಟ್‌ಬುಕ್ಕಿನಲ್ಲಿ ಅವರಿಗೆ ಬೇರೆಯೇ ಕಂಡಿತ್ತು.

ತಂತ್ರಾಂಶದಲ್ಲಿ ಒಂದು ಸಾಲು ಬದಲಾದರೂ ಅದು ಸರಿಯಿದೆಯೇ ಎಂದು ಯಂತ್ರಗಳು ಸಾವಿರಾರು ಪರೀಕ್ಷೆ ನಡೆಸುತ್ತವೆ. ಈ ಪರೀಕ್ಷೆಗಳನ್ನು ಹಗಲಿನಿಂದ ಬೆಳಗಿನ ಜಾವಕ್ಕೆ ಸರಿಸಿದ್ದರು, ಅಷ್ಟೆ. ವರದಿ ಲೆಕ್ಕ ಹಿಡಿಯುವುದು ಕೆಲಸದ ವೇಳೆಯನ್ನು ಮಾತ್ರ, ಒಂಬತ್ತರಿಂದ ಆರು. ಐದರಿಂದ ಒಂಬತ್ತರೊಳಗೆ ಮೊದಲು ನೂರೈವತ್ತು ಯೂನಿಟ್ ಓಡುತ್ತಿತ್ತು. ಈಗ ಮುನ್ನೂರ ಅರವತ್ತು. ಎರಡೂ ಸೇರಿಸಿದರೆ ಮೊದಲಿಗಿಂತ ಹತ್ತು ಯೂನಿಟ್ ಹೆಚ್ಚೇ.

ಎರಡು ಪುಟ ತೆರೆದು ಮ್ಯಾನೇಜರ್ ಮುಂದೆ ಇಟ್ಟದ್ದನ್ನು ಅವರು ಈಗಲೂ ಮೆಲ್ಲಗೇ ಹೇಳುತ್ತಾರೆ.

"ಬೆಳಗಿನ ಜಾವ ಯಾರೂ ಕೆಲಸ ಮಾಡಲ್ಲಮ್ಮ, ಆ ಲೆಕ್ಕ ಯಾಕೆ ಅಂದ್ರು. ಯಾರೂ ಮಾಡದಿದ್ರೆ ಮೀಟರ್ ಯಾಕೆ ಓಡುತ್ತೆ ಸಾರ್ ಅಂದೆ. ಪಾಪ, ಕೆಟ್ಟವರಲ್ಲ. ಕೂರಿಸಿ ಟೀ ತರಿಸಿಕೊಟ್ರು. ಆದ್ರೆ ಪುಟ ಮಗುಚಿಟ್ರು."

ಮುಂದಿನ ವಾರವೇ ಹೊಸ ಯಂತ್ರ ಬಂತು. ಅದು ತಾನಾಗಿಯೇ ಅಂಕಿ ಬರೆದುಕೊಳ್ಳುತ್ತದೆ, ಒಂಬತ್ತರಿಂದ ಆರರವರೆಗೆ. ಈ ತಿಂಗಳ ಕೊನೆಗೆ ಮೀಟರಕ್ಕನ ಕೆಲಸ ಮುಗಿಯುತ್ತದೆ. ಆಮೇಲೆ ಐದು ಗಂಟೆಯ ಅಂಕಿ ಎಲ್ಲೂ ಇರುವುದಿಲ್ಲ.

"ಕೆಲಸ ಹೋದ್ರೆ ಹೋಗಲಿ, ಮಂಡಿಗೂ ಸಾಕಾಗಿದೆ. ಆದ್ರೆ ಕರೆಂಟ್ ಉಳೀತು ಅಂತ ಅವರು ನಂಬಿಬಿಟ್ಟಿದ್ದಾರಲ್ಲ, ಅದೇ ಸಂಕಟ. ಇನ್ಮೇಲೆ ಉಳಿಸೋಕೆ ಯಾರು ನೋಡ್ತಾರೆ?"

ನಾನು ಬರೆದಿಡಲಾ ಅಕ್ಕ ಎಂದು ಕಾವಲುಗಾರ ಕೇಳಿದ್ದಾನೆ. ಅವನಿಗೆ ಆ ಬಾಗಿಲು ತೆರೆಯುವ ಕಾರ್ಡ್ ಇಲ್ಲ.

ಮೊದಲ ಸುತ್ತು ಮುಗಿದಿದೆ. ಬೆರಳುಗಳು ನೀಲಿಗಟ್ಟಿವೆ. ಒಂದು ಸ್ವೆಟರ್ ಬಿಚ್ಚಿ, ಕೋಣೆ ಒರೆಸಲು ಬಂದ ಹೆಂಗಸಿನ ಹೆಗಲಿಗೆ ಹೊದಿಸುತ್ತಾರೆ. ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಸ್ಕೇಲಿಟ್ಟು ಗೆರೆ ಎಳೆಯತೊಡಗುತ್ತಾರೆ. ನಲವತ್ತೆರಡು ಅಡ್ಡಸಾಲು. ಮೇಲೆ ಮುಂದಿನ ತಿಂಗಳ ತಾರೀಕುಗಳು.

"ಆಗ ನೀವು ಇರಲ್ವಲ್ಲ?" ಎನ್ನುತ್ತಾನೆ ಕಾವಲುಗಾರ.

"ಯಾರಿಗಾದ್ರೂ ಒಂದಿನ ನೋಡಬೇಕು ಅನ್ನಿಸಬಹುದು," ಎನ್ನುತ್ತಾರೆ ಮೀಟರಕ್ಕ, ತಲೆ ಎತ್ತದೆ. "ಗೆರೆ ಹಾಕಿಟ್ಟಿದ್ರೆ ಬರೆಯೋಕೆ ಸುಲಭ."